ಚರಗದ ಮೊದಲ ಹಿಡಿ
(ಎಳ್ಳ ಅಮಾವಾಸ್ಯೆಯ ನಿಮಿತ್ತ ಭಕ್ತರಿಗೊಂದು ಪ್ರವಚನ)

|| ಓಂ ಶ್ರೀ ಗುರು ಬಸವಲಿಂಗಾಯ ನಮಃ ||



ದರ್ಶನ ಆಯಿತು, ಕಾಯಿ ಒಡೆಸಿದ್ದಾಯಿತು, ಪ್ರಸಾದ ಕೈಗೆ ಬಂತು. ಇನ್ನು ಇಳಿಯುವ ಅವಸರ ಬೇಡ. ಮೆಟ್ಟಿಲ ಮೇಲೆ ಎರಡು ನಿಮಿಷ ಕುಂತು ಕೆಳಗೆ ಒಮ್ಮೆ ಕಣ್ಣು ಹಾಯಿಸಿರಿ. ಚಳಿಗಾಲದಲ್ಲಿ ನೀವು ಬಂದಿದ್ದರೆ ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ, ಕಡಲೆ ಹಸಿರು ಕಾಯಿ ಕಟ್ಟಿರುತ್ತದೆ, ತೊಗರಿ ಕೊಯ್ಲಿಗೆ ಬಂದಿರುತ್ತದೆ. ಗುಡ್ಡದ ಮೇಲೆ ನಿಂತು ನಾವು ದೇವರನ್ನು ನೋಡಿದೆವು. ಗುಡ್ಡದ ಕೆಳಗೆ ನಮಗೆ ಅನ್ನ ಕೊಡುವ ದೇವರು ಮಲಗಿದ್ದಾಳೆ. ಆ ತಾಯಿಗೆ ವರ್ಷಕ್ಕೊಮ್ಮೆ ನಾವೇ ನೈವೇದ್ಯ ಹೊತ್ತುಕೊಂಡು ಹೋಗುವ ದಿವಸವೇ ಎಳ್ಳ ಅಮಾವಾಸ್ಯೆ. ಬಸವಕಲ್ಯಾಣ, ಹುಮನಾಬಾದ, ಭಾಲ್ಕಿ, ಬೀದರ ಈ ಕಡೆಯ ಜನರಿಗೆ ಇದಕ್ಕಿಂತ ದೊಡ್ಡ ಚಳಿಗಾಲದ ಹಬ್ಬ ಮತ್ತೊಂದಿಲ್ಲ.

ದೂರದಿಂದ ಬಂದ ಭಕ್ತರು ಕೇಳುತ್ತಾರೆ: "ಏನ್ರಿ, ಅಮಾವಾಸ್ಯೆ ದಿನ ಹಬ್ಬ ಮಾಡ್ತೀರಿ? ಅಮಾವಾಸ್ಯೆ ಅಂದ್ರ ಕತ್ತಲಿ ಅಲ್ಲೇನು?" ಪ್ರಶ್ನೆ ಒಳ್ಳೆಯದೇ. ಅದಕ್ಕೆ ಉತ್ತರ ಹೇಳುವುದಕ್ಕಾಗಿಯೇ ಈ ನಾಲ್ಕು ಮಾತು.

ಹಬ್ಬ ಯಾವಾಗ, ಯಾಕೆ?

ಮಾರ್ಗಶಿರ ಮಾಸದ ಕೊನೆಯ ದಿನ ಬರುವ ಅಮಾವಾಸ್ಯೆಯೇ ಎಳ್ಳ ಅಮಾವಾಸ್ಯೆ. ಚಂದ್ರನ ಲೆಕ್ಕದ ಹಬ್ಬವಾದ್ದರಿಂದ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. 2024ರಲ್ಲಂತೂ ಒಂದೇ ಇಂಗ್ಲಿಷ್ ವರ್ಷದಲ್ಲಿ ಎರಡು ಸಲ ಬಂತು: ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಮತ್ತೊಮ್ಮೆ. ನಮ್ಮ ಹಳ್ಳಿ ಮಂದಿ ಬಾಯಲ್ಲಿ ಇದು 'ಎಳ್ಳಮಾಸಿ'. ಗಡಿ ದಾಟಿ ಲಾತೂರ, ಧಾರಾಶಿವ ಕಡೆ ಹೋದರೆ ಮರಾಠಿ ಮಾತಾಡುವ ರೈತರೂ ಇದೇ ದಿನ, ಇದೇ ರೀತಿ ಹೊಲಕ್ಕೆ ಹೋಗುತ್ತಾರೆ. ಅವರು 'ವೇಳಾ ಅಮಾವಾಸ್ಯೆ' ಎನ್ನುತ್ತಾರೆ, 'ಯೇಳವಸ' ಎಂದೂ ಅನ್ನುತ್ತಾರೆ. ಕಿವಿಗೊಟ್ಟು ಕೇಳಿದರೆ ಅದರೊಳಗೆ ನಮ್ಮ ಎಳ್ಳಮಾಸಿಯ ದನಿಯೇ ಕೇಳುತ್ತದೆ. 1948ರವರೆಗೆ ಇದೆಲ್ಲ ನಿಜಾಮರ ಹೈದರಾಬಾದ ಸಂಸ್ಥಾನ. 1956ರ ನವೆಂಬರ್ 1ಕ್ಕೆ ಬೀದರ ಜಿಲ್ಲೆ ಮೂರು ಪಾಲಾಗಿ ಮೂರು ರಾಜ್ಯಕ್ಕೆ ಹೋಯಿತು. ನಕ್ಷೆ ಹರಿದು ಹಂಚಿದರು, ಹಬ್ಬವನ್ನು ಮಾತ್ರ ಯಾರಿಂದಲೂ ಹಂಚಲಿಕ್ಕಾಗಲಿಲ್ಲ. ಮಣ್ಣು ಒಂದೇ ಇದ್ದ ಕಡೆ ಹಬ್ಬವೂ ಒಂದೇ.

ಇನ್ನು ಇದರ ಮೂಲ. ಇದನ್ನು ಯಾವ ರಾಜನೂ ಆಜ್ಞೆ ಮಾಡಿ ಶುರು ಮಾಡಿದ್ದಲ್ಲ. ಹೆಣ್ಣುಮಕ್ಕಳು ಬಸಿರಾದಾಗ ನಾವು ಏನು ಮಾಡುತ್ತೇವೆ? ಕುಬಸ ಮಾಡುತ್ತೇವೆ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಯಸಿದ್ದನ್ನೆಲ್ಲ ಮಾಡಿ ಉಣಿಸುತ್ತೇವೆ. ಮಾರ್ಗಶಿರದಲ್ಲಿ ಹಿಂಗಾರಿ ಬೆಳೆ ಬೆಳೆದು ನಿಂತಿರುತ್ತದೆ, ಕಾಳು ಮಾತ್ರ ಇನ್ನೂ ಕೈಗೆ ಬಂದಿರುವುದಿಲ್ಲ. ಜೋಳ ಹೊಡೆ ಕಟ್ಟುವ ಕಾಲ. ನಮ್ಮ ಹಿರಿಯರು ಇದನ್ನು ನೋಡಿ, "ಭೂತಾಯಿ ಹೊಟ್ಟೀಲೆ ಇದ್ದಾಳ, ಆಕಿ ಬಯಕೆ ತೀರಿಸೋಣ" ಅಂದರು. ಧಾರವಾಡದ ಕಡೆಯವರು ಸೀಗೆ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಇಂಥದೇ ಪೂಜೆ ಮಾಡುವುದುಂಟು. ಹಿಂಗಾರಿ ಬೆಳೆಯೇ ಮುಖ್ಯವಾಗಿದ್ದ ನಮ್ಮ ಎರೆಭೂಮಿಯಲ್ಲಿ ಆ ಪೂಜೆ ಈ ಅಮಾವಾಸ್ಯೆಗೆ ಗಟ್ಟಿಯಾಗಿ ನಿಂತಿತು.

ಅಮಾವಾಸ್ಯೆ ಎಂದರೆ ಪಿತೃಗಳ ದಿವಸ. ಎಳ್ಳು ಪಿತೃಗಳಿಗೆ ಪ್ರಿಯವಾದ ಧಾನ್ಯ. ಚಳಿಗೆ ಮೈ ಒಡೆಯುವ ಕಾಲಕ್ಕೆ ಎಣ್ಣೆಯಂಶದ ಎಳ್ಳು ಶರೀರಕ್ಕೂ ಹಿತ. ಹೀಗೆ ಹೋದ ಹಿರಿಯರು, ಇರುವ ಮನೆಮಂದಿ, ಬರಬೇಕಾದ ಬೆಳೆ, ಈ ಮೂರೂ ಸೇರುವ ದಿನ ಇದು. ಆದ್ದರಿಂದ ನಮ್ಮ ಪಾಲಿಗೆ ಈ ಅಮಾವಾಸ್ಯೆ ಕತ್ತಲೆಯ ದಿನವಲ್ಲ. ಬೀಜ ಮಣ್ಣಿನ ಕತ್ತಲೆಯಲ್ಲೇ ಅಲ್ಲವೇ ಮೊಳೆಯುವುದು? ಕೂಸು ಬೆಳೆಯುವುದೂ ಕತ್ತಲೆಯ ಗರ್ಭದಲ್ಲೇ.

ಹೊಲದಲ್ಲಿ ಏನು ಮಾಡುತ್ತಾರೆ?

ನಸುಕಿನಲ್ಲೇ ಮನೆಮನೆಯಲ್ಲಿ ಒಲೆ ಹೊತ್ತುತ್ತದೆ. ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಶೇಂಗಾ ಹೋಳಿಗಿ, ಕಡಬು, ಗೋಧಿ ಹುಗ್ಗಿ, ಪುಂಡಿಪಲ್ಯ, ಮಜ್ಜಿಗಿ ಹಾಕಿ ಹುಳಿ ಬರಿಸಿದ ಅಂಬಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಭಜ್ಜಿ. ಬೇರೆ ಕಡೆಯವರು ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ನಮ್ಮ ಎಳ್ಳಮಾಸಿ ಭಜ್ಜಿ ಬೇರೆಯೇ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಶೇಂಗಾ, ಮೆಂತೆ ಪಲ್ಯ, ಆ ಹೊತ್ತಿಗೆ ಹೊಲದಲ್ಲಿ ಏನೇನು ಸಿಗುತ್ತದೋ ಅದನ್ನೆಲ್ಲ ಕೂಡಿಸಿ, ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಕುದಿಸಿದ್ದು. ಒಂದೇ ಕಾಳಿನಿಂದ ಭಜ್ಜಿ ಆಗುವುದಿಲ್ಲ. ಎಲ್ಲವೂ ಕೂಡಬೇಕು. ಇದರಲ್ಲೇ ಹಬ್ಬದ ಅರ್ಥ ಅರ್ಧ ಇದೆ.

ಬುಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ನಡೆಯುತ್ತಾರೆ. ಮೊದಲು ಬಂಡಿ ಹೂಡುತ್ತಿದ್ದರು, ಈಗ ಟ್ರ್ಯಾಕ್ಟರ್, ಜೀಪು, ಮೋಟಾರ್ ಸೈಕಲ್ಲು. ಹೊಲದಲ್ಲಿ ಜೋಳದ ದಂಟಿನಿಂದ ಸಣ್ಣ ಕೊಂಪೆ ಕಟ್ಟುತ್ತಾರೆ, ಇಲ್ಲವೇ ಬನ್ನಿಗಿಡದ ಬುಡದಲ್ಲಿ ಜಾಗ ಸಾರಿಸುತ್ತಾರೆ. ಐದು ಕಲ್ಲು ಆರಿಸಿ ತಂದು, ತೊಳೆದು, ಸುಣ್ಣ ಹಚ್ಚಿ, ಕುಂಕುಮ ಇಟ್ಟು ಪಂಚ ಪಾಂಡವರೆಂದು ಪೂಜಿಸುತ್ತಾರೆ. ವನವಾಸದಲ್ಲಿ ಅಲೆದವರು, ಬನ್ನಿಯಲ್ಲಿ ಆಯುಧ ಇಟ್ಟು ಬೇರೆಯವರ ಊರಲ್ಲಿ ದುಡಿದು ಉಂಡವರು ಪಾಂಡವರು. ಅರಮನೆ ಪಾಂಡವರಿಗೆ ಗುಡಿ ಇರಲಿ. ಹೊಲದಲ್ಲಿ ದುಡಿಯುವವನಿಗೆ ಹತ್ತಿರದವರು ವನವಾಸದ ಪಾಂಡವರೇ.

ಪೂಜೆ ಆದ ಮೇಲೆ ಚರಗ. ಮಾಡಿ ತಂದ ಎಲ್ಲ ಅಡುಗೆಯನ್ನು ಸ್ವಲ್ಪ ಸ್ವಲ್ಪ ಕೂಡಿಸಿ, ಒಬ್ಬರು ನೀರು ಚಿಮುಕಿಸುತ್ತ, ಒಬ್ಬರು ಅನ್ನ ಚೆಲ್ಲುತ್ತ, ಹೆಸರು ಹಿಡಿದು ಕೂಗುತ್ತ ಹೊಲದ ನಾಲ್ಕೂ ದಿಕ್ಕಿಗೆ ತಿರುಗುತ್ತಾರೆ. ಈ ಚರಗ ಚೆಲ್ಲುವ ತನಕ ಮನೆಯ ಯಜಮಾನನೂ ಉಣ್ಣುವುದಿಲ್ಲ, ಹಸಿದು ಅಳುವ ಹುಡುಗನಿಗೂ "ತಡಿಯಪ್ಪ, ಮೊದಲ ಭೂತಾಯಿ ಉಣ್ಣಲಿ" ಎನ್ನುತ್ತಾರೆ.

ಯಾರು ತಿನ್ನುತ್ತಾರೆ ಈ ಚರಗ? ಇರುವೆ ತಿನ್ನುತ್ತದೆ, ಅಳಿಲು ತಿನ್ನುತ್ತದೆ, ಕಾಗೆ ಗುಬ್ಬಿ ಗೊರವಂಕ ತಿನ್ನುತ್ತವೆ. ಇದೇ ಕಾಲಕ್ಕೆ ತೊಗರಿಗೂ ಕಡಲೆಗೂ ಕಾಯಿಕೊರಕ ಹುಳದ ಕಾಟ ಇರುತ್ತದೆ. ಅನ್ನಕ್ಕೆಂದು ಇಳಿದ ಹಕ್ಕಿ ಹುಳವನ್ನೂ ಹೆಕ್ಕುತ್ತದೆ ಎಂದು ಹಿರಿಯರು ಹೇಳುತ್ತಾರೆ. ಇದು ಲಾಭದ ಮಾತಾಯಿತು. ಲಾಭ ಇರಲಿ, ಬಿಡಲಿ, ಹೊಲ ನಮ್ಮೊಬ್ಬರದೇ ಅಲ್ಲ ಎಂದು ಒಪ್ಪಿಕೊಳ್ಳುವುದೇ ಚರಗ. ಪಹಣಿಯಲ್ಲಿ ನಮ್ಮ ಹೆಸರಿರಬಹುದು. ಇರುವೆಯ ಹೆಸರು ಯಾವ ಪಹಣಿಯಲ್ಲಿದೆ? ಅದೂ ಅಲ್ಲಿಯೇ ಹುಟ್ಟಿದ್ದು, ಅಲ್ಲಿಯೇ ಬದುಕುವುದು.

ಕಲ್ಯಾಣದ ನೆಲದಲ್ಲಿ ದಾನದ ನೆನಪು

ಭಕ್ತರೇ, ಚಳಿಗಾಲದ ಪರ್ವದಲ್ಲಿ ಕೊಡುವುದು ಈ ನೆಲಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರ ಕಲ್ಯಾಣವನ್ನು ಚಾಲುಕ್ಯರ ರಾಜಧಾನಿಯಾಗಿ ಮಾಡಿದ. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯ ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದ. ಹುಮನಾಬಾದ ತಾಲೂಕಿನ ಜಲಸಂಗಿಯ ಗುಡಿಯ ಮದನಿಕೆಯರನ್ನು ನೀವು ನೋಡಿರಬಹುದು, ಬಸವಕಲ್ಯಾಣದ ಹತ್ತಿರದ ನಾರಾಯಣಪುರದ ಶಿವಾಲಯವನ್ನೂ ನೋಡಿರಬಹುದು. ಎಲ್ಲ ಆ ಚಾಲುಕ್ಯರ ಕಾಲದ ಕೆಲಸ. ಆ ಕಾಲದ ದಾನಶಾಸನಗಳಲ್ಲಿ 'ಉತ್ತರಾಯಣ ಸಂಕ್ರಾಂತಿ', 'ಅಮಾವಾಸ್ಯೆ', 'ಗ್ರಹಣ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆ ದಿನ ಇಂತಿಷ್ಟು ಮತ್ತರು ಭೂಮಿ ಬಿಟ್ಟರು, ಗುಡಿಯ ದೀಪಕ್ಕೆ, ತಪೋಧನರ ಊಟಕ್ಕೆ, ಓದುವ ಹುಡುಗರಿಗೆ ಎಂದು ಕಲ್ಲಿನಲ್ಲಿ ಕೊರೆಸಿದ್ದಾರೆ.

ಇಲ್ಲೊಂದು ಸ್ವಾರಸ್ಯ ಇದೆ. ಆ ಕಾಲದ ಉತ್ತರಾಯಣ ಸಂಕ್ರಾಂತಿ ಡಿಸೆಂಬರ್ 24-25ರ ಸುಮಾರಿಗೆ ಬರುತ್ತಿತ್ತು. ಇಂದು ಸಂಕ್ರಾಂತಿ ಜನವರಿ 14 ಇಲ್ಲವೇ 15ಕ್ಕೆ. ಭೂಮಿಯ ಅಕ್ಷ ಬಹಳ ನಿಧಾನವಾಗಿ ತಿರುಗುತ್ತದೆ, ನಡುವೆ ಇಂಗ್ಲಿಷ್ ಕ್ಯಾಲೆಂಡರನ್ನೂ ತಿದ್ದಿದರು. ಹೀಗಾಗಿ ತಾರೀಖು ಸರಿಯುತ್ತಾ ಬಂತು. ನಿಜವಾಗಿ ಸೂರ್ಯ ಉತ್ತರಕ್ಕೆ ತಿರುಗುವುದು ಈಗ ಡಿಸೆಂಬರ್ 21-22ಕ್ಕೇ. ತಾರೀಖು ಸರಿಯಿತು, ರಾಜ್ಯ ಹೋಯಿತು, ಕೋಟೆ ಪಾಳು ಬಿದ್ದಿತು. ಕೊಡುವ ಪದ್ಧತಿ ಮಾತ್ರ ರೈತನ ಬುಟ್ಟಿಯಲ್ಲಿ ಉಳಿಯಿತು.

ಇಲ್ಲಿ ಒಬ್ಬ ಭಕ್ತರು ಕೇಳಿದರು: "ಅಪ್ಪಾವರೇ, ಶರಣರು ತಿಥಿ, ವಾರ, ಹೊತ್ತು ನೋಡುವುದನ್ನು ಒಪ್ಪಲಿಲ್ಲ. ಬಸವಣ್ಣನವರ ಊರಲ್ಲಿ ಕುಂತು ಅಮಾವಾಸ್ಯೆ ಹೊಗಳುವುದು ಸರಿಯೇ?"

ಸರಿಯಾದ ಪ್ರಶ್ನೆ. ಶರಣರಿಗೆ ಎಲ್ಲ ದಿನವೂ ಶುಭ ದಿನವೇ. ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಕಲಿಸಿದ್ದು ಎರಡು ಮಾತು: ಕಾಯಕ, ದಾಸೋಹ. ಬೆವರು ಸುರಿಸಿ ದುಡಿ, ದುಡಿದದ್ದನ್ನು ಹಂಚಿ ಉಣ್ಣು. ಆ ಶರಣರ ಗುಂಪಿನಲ್ಲಿ ಒಕ್ಕಲಿಗ ಮುದ್ದಣ್ಣನೂ ಇದ್ದ, ಹೊಲದ ಕಾಯಕವನ್ನೇ ಪೂಜೆ ಮಾಡಿಕೊಂಡವನು. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಸಂತೋಷಪಡಲಿಲ್ಲ, ಹೆಚ್ಚಾದದ್ದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಒಯ್ದು ಹಾಕಿ ಬನ್ನಿ ಎಂದಳು. ಬಡವಿಯ ಮನೆಯಲ್ಲಿ ಎಂಥ ಐಶ್ವರ್ಯ ನೋಡಿರಿ!

ಹಾಗಾದರೆ ಎಳ್ಳ ಅಮಾವಾಸ್ಯೆಯನ್ನು ಹೊತ್ತು ಒಳ್ಳೇದಿದೆ ಎಂದು ಮಾಡಬೇಡಿರಿ. ಮಾಡದಿದ್ದರೆ ಕೆಡುಕಾಗುತ್ತದೆ ಎಂಬ ಅಂಜಿಕೆಯಿಂದಲೂ ಮಾಡಬೇಡಿರಿ. ಭೂತಾಯಿ ಹೆದರಿಸುವವಳಲ್ಲ. ದಾಸೋಹವನ್ನು ಮರೆತವರಿಗೆ ವರ್ಷಕ್ಕೊಮ್ಮೆಯಾದರೂ ನೆನಪು ಮಾಡಿಕೊಡುವ ದಿನ ಎಂದು ಮಾಡಿರಿ. ನೆನಪಾದವರಿಗೆ ಮರುದಿನವೂ ಎಳ್ಳಮಾಸಿಯೇ.

ಬದುವಿನ ಆಚೆ ಬಿದ್ದ ಹಿಡಿ

ಈಗ ನಾನು ಕಣ್ಣಾರೆ ಕಂಡ ಒಂದು ಮಾತು ಹೇಳುತ್ತೇನೆ. ಊರು, ಹೆಸರು ಬೇಡ.

ಒಂದು ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಅಪ್ಪ ಹೋದ ಮೇಲೆ ಹೊಲ ಪಾಲಾಯಿತು. ನಡುವೆ ಒಂದು ಬದು ಬಂತು. ಒಂದು ಮಳೆಗಾಲದಲ್ಲಿ ನೀರು ಹರಿದು ಬದು ಕೊಚ್ಚಿ ಹೋಯಿತು, ಮತ್ತೆ ಕಟ್ಟುವಾಗ ತಮ್ಮ ಎರಡು ಹೆಜ್ಜೆ ಸರಿಸಿ ಕಟ್ಟಿದ ಎಂದು ಅಣ್ಣನ ದೂರು. ಇಲ್ಲ, ಮೊದಲು ಇದ್ದಲ್ಲೇ ಕಟ್ಟಿದ್ದೇನೆ ಎಂದು ತಮ್ಮನ ವಾದ. ಮಾತಿಗೆ ಮಾತು ಬೆಳೆದು, ಕೈ ಕೈ ಹತ್ತಿ, ಕಡೆಗೆ ಕೋರ್ಟು. ಎರಡು ಹೆಜ್ಜೆ ಭೂಮಿಗೆ ಎರಡು ಎಕರೆ ಬೆಳೆಯ ರೊಕ್ಕ ವಕೀಲರಿಗೆ ಹೋಯಿತು. ಒಂದು ಮನೆಯ ಮಗಳ ಲಗ್ನಕ್ಕೆ ಮತ್ತೊಂದು ಮನೆಯವರು ಹೋಗಲಿಲ್ಲ. ಅವರ ತಾಯಿ, ಮೊಮ್ಮಕ್ಕಳು ಆಯಿ ಎಂದು ಕರೆಯುವ ಮುದುಕಿ, ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ.

ಒಂದು ಎಳ್ಳಮಾಸಿ ದಿನ ಬದುವಿನ ಈಚೆ ಅಣ್ಣನ ಕೊಂಪೆ, ಆಚೆ ತಮ್ಮನ ಕೊಂಪೆ. ಇಪ್ಪತ್ತು ಮಾರು ದೂರವಿಲ್ಲ. ಈಚೆಯವರು ಆಚೆ ನೋಡುವುದಿಲ್ಲ, ಆಚೆಯವರು ಈಚೆ ನೋಡುವುದಿಲ್ಲ. ಅಣ್ಣನ ಮಗ ಚರಗ ಚೆಲ್ಲುತ್ತ ಹೊರಟ. ಸಣ್ಣ ಹುಡುಗ, ಬದುವಿನ ಹತ್ತಿರ ಹೋದವನು ನಿಂತುಬಿಟ್ಟ. "ಆಯಿ, ಇಲ್ಲಿಗಿ ಸಾಕೇನ? ಆ ಕಡಿ ಕಾಕಾನ ಹೊಲ" ಅಂದ.

ಮುದುಕಿ ಎದ್ದು ಬಂದಳು. ಮೊಮ್ಮಗನ ಕೈಯೊಳಗಿನ ಬುಟ್ಟಿ ಇಸಗೊಂಡಳು. "ಭೂತಾಯಿ ಪಾಲಾಗ್ಯಾಳೇನೋ? ಈ ಬದುವಿನ ಮ್ಯಾಲಿನ ಇರುವಿಗಿ ಏನ್ ಗೊತ್ತು, ಅಣ್ಣನ ಅನ್ನ ಯಾವುದು, ತಮ್ಮನ ಅನ್ನ ಯಾವುದು ಅಂತ?" ಅಂದಳು. ಅಂದವಳೇ ಸೆರಗು ಸೊಂಟಕ್ಕೆ ಸಿಗಿಸಿ, ಬದು ದಾಟಿ, ಆ ಹೊಲದ ತುಂಬ ಚರಗ ಚೆಲ್ಲುತ್ತ ನಡೆದಳು. ಎಪ್ಪತ್ತು ದಾಟಿದ ಮುದುಕಿ, ಹೆಂಟಿಯ ಮೇಲೆ ಕಾಲು ಜಾರಿತು. ಹಿಡಿಯಲಿಕ್ಕೆ ಓಡಿ ಬಂದವರು ಇಬ್ಬರೂ ಮಕ್ಕಳು. ಆಕೆಯ ಎಡಗೈ ಒಬ್ಬನ ಕೈಯಲ್ಲಿ, ಬಲಗೈ ಮತ್ತೊಬ್ಬನ ಕೈಯಲ್ಲಿ. ಎಂಟು ವರ್ಷದ ಮೇಲೆ ಅಣ್ಣ ತಮ್ಮ ಅಷ್ಟು ಹತ್ತಿರ ನಿಂತದ್ದು ಅಂದೇ.

ಆ ದಿನವೇ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಕೇಸು ಮುಂದೆಯೂ ಕೆಲವು ವರ್ಷ ನಡೆಯಿತು. ಆದರೆ ಅಂದು ಎರಡು ಕೊಂಪೆಯ ಊಟ ಒಂದೇ ಪಂಕ್ತಿಯಲ್ಲಾಯಿತು. ಮುಂದಿನ ವರ್ಷ ಕೊಂಪೆ ಒಂದೇ ಕಟ್ಟಿದರು, ಅದೂ ಬದುವಿನ ಮೇಲೆಯೇ. ಆಯಿ ಈಗ ಇಲ್ಲ. ಎರಡೂ ಮನೆಯವರು ಇಂದಿಗೂ ಚರಗ ಚೆಲ್ಲುವಾಗ ಮೊದಲ ಹಿಡಿಯನ್ನು ಬದುವಿನ ಆಚೆ ಚೆಲ್ಲುತ್ತಾರೆ.

ಭಕ್ತರೇ, ನಿಮ್ಮನ್ನು ನಾನು ಕೇಳುವುದು ಇದೊಂದೇ. ಚರಗ ಚೆಲ್ಲುವಾಗ ನಿಮ್ಮ ಕೈ ಎಲ್ಲಿ ನಿಲ್ಲುತ್ತದೆ? ಬದು ಹೊಲದಲ್ಲಿ ಮಾತ್ರ ಇರುವುದಿಲ್ಲ. ಮನೆಯ ಗೋಡೆಯಲ್ಲಿದೆ, ಜಾತಿಯಲ್ಲಿದೆ, ಮನಸ್ಸಿನಲ್ಲಿದೆ. ನಮ್ಮವರಿಗೆ ಮಾತ್ರ ಕೊಟ್ಟದ್ದು ಸಂಸಾರವಾಯಿತು. ಬದುವಿನ ಆಚೆ ಬಿದ್ದ ಹಿಡಿಯೇ ದಾಸೋಹ.

ಈಗಿನ ಎಳ್ಳಮಾಸಿ

ಕಾಲ ಬದಲಾಗಿದೆ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ನಮ್ಮ ಮಕ್ಕಳು ಈ ದಿನಕ್ಕಾಗಿ ಹೆದ್ದಾರಿ ಹಿಡಿದು ಬರುತ್ತಾರೆ. ಪೇಟೆಯಲ್ಲಿ ಅಂಗಡಿ ಬಾಗಿಲು ಹಾಕಿ, ಹೊಲ ಇಲ್ಲದವರು ಹೊಲ ಇದ್ದ ಗೆಳೆಯರ ಜೊತೆ ಹೋಗುತ್ತಾರೆ. ಸಾಹೇಬರು, ಮಾಸ್ತರರು, ನೆರೆಮನೆಯ ಮುಸಲ್ಮಾನ ಬಂಧುಗಳು ಎಲ್ಲರೂ ಒಂದೇ ಚಾಪೆಯ ಮೇಲೆ ಕುಂತು ಭಜ್ಜಿ ಉಣ್ಣುತ್ತಾರೆ. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ "ಊಟಕ್ಕ ಬರ್ರಿ" ಎಂದು ಕೂಗಿ ಕರೆಯುವ ಪದ್ಧತಿ ಇನ್ನೂ ಇದೆ. ಮರಕ್ಕೆ ಜೋಕಾಲಿ ಕಟ್ಟುತ್ತಾರೆ, ಹುಡುಗರು ಕಡಲೆ ಸುಲಿಗಾಯಿ ತಿಂದು ತುಟಿ ಹುಳಿ ಮಾಡಿಕೊಳ್ಳುತ್ತಾರೆ. ಇದೆಲ್ಲ ಸಂತೋಷದ ಮಾತು.

ದುಃಖದ ಮಾತೂ ಇದೆ. ಸಂಜೆ ಮಂದಿ ಎದ್ದು ಹೋದ ಮೇಲೆ ಹೊಲದಲ್ಲಿ ಪ್ಲಾಸ್ಟಿಕ್ ತಾಟು, ಗ್ಲಾಸು, ನೀರಿನ ಬಾಟಲಿ ಉಳಿಯುತ್ತವೆ. ಕುಬಸ ಮಾಡಿದ ತಾಯಿಯ ಉಡಿಯಲ್ಲೇ ಕಸ ಹಾಕಿದಂತಾಯಿತು. ಚರಗ ಮಣ್ಣಾಗುತ್ತದೆ, ಪ್ಲಾಸ್ಟಿಕ್ ಮಣ್ಣಾಗುವುದಿಲ್ಲ, ದನದ ಹೊಟ್ಟೆ ಸೇರುತ್ತದೆ. ಕೆಲವರು ಹಬ್ಬದ ನೆಪದಲ್ಲಿ ಶೆರೆ ಬಾಟಲಿ ಹಿಡಿದು ಹೋಗುತ್ತಾರೆ. ಮತ್ತೆ ಕೆಲವರು ಹೊಲ ಪಾಲಿಗೆ ಹಾಕಿ ಪಟ್ಟಣ ಸೇರಿದ್ದಾರೆ. ಹಬ್ಬದ ದಿನ ಕಾರಿನಲ್ಲಿ ಬಂದು, ಫೋಟೋ ತೆಗೆಸಿಕೊಂಡು, ಉಂಡು ಹೋಗುತ್ತಾರೆ. ವರ್ಷವಿಡೀ ಆ ಹೊಲದಲ್ಲಿ ಬೆನ್ನು ಬಗ್ಗಿಸಿದ ಕೂಲಿಯವಳು ಅಂದು ಪಂಕ್ತಿಯಲ್ಲಿ ಎಲ್ಲಿ ಕುಂತಿದ್ದಾಳೆ ಎಂದು ನೋಡುವುದಿಲ್ಲ. ಕಳೆ ತೆಗೆದವಳು ಉಣ್ಣದ ಹೊಲದಲ್ಲಿ ಐದು ಕಲ್ಲಿಗೆ ಎಷ್ಟು ಸುಣ್ಣ ಹಚ್ಚಿದರೇನು ಫಲ?

ಪರ್ವಗಳ ಸರಣಿ

ಎಳ್ಳ ಅಮಾವಾಸ್ಯೆ ಒಂಟಿ ಹಬ್ಬವಲ್ಲ. ಅದಕ್ಕಿಂತ ಹದಿನೈದು ದಿನ ಮೊದಲು, ಮಾರ್ಗಶಿರ ಹುಣ್ಣಿಮೆಗೆ, ಹುಮನಾಬಾದ ಹತ್ತಿರದ ಮಾಣಿಕನಗರದಲ್ಲಿ ದತ್ತ ಜಯಂತಿ ನಡೆಯುತ್ತದೆ. ಶ್ರೀ ಮಾಣಿಕ ಪ್ರಭುಗಳು 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ, 1865ರ ಮಾರ್ಗಶಿರದಲ್ಲಿ ಮಾಣಿಕನಗರದಲ್ಲಿ ಸಮಾಧಿಯಾದವರು. ಎಲ್ಲ ಮತಗಳೂ ಒಂದೇ ಸತ್ಯದ ದಾರಿ ಎಂಬ ಸಕಲಮತ ಸಂಪ್ರದಾಯ ಅವರದು. ಜಾತಿ ಕೇಳದೆ ಅನ್ನ ನೀಡಿದ ಆ ಸ್ಥಳವೂ ಒಂದು ದೊಡ್ಡ ಚರಗವೇ.

ಅಮಾವಾಸ್ಯೆಯ ಮುಂದೆ ಭೋಗಿ, ಸಂಕ್ರಾಂತಿ. ಆಗ ಎಳ್ಳು ಅರೆದು ಮೈಗೆ ಹಚ್ಚಿ ಸ್ನಾನ ಮಾಡುತ್ತೇವೆ, ಕುಸುರೆಳ್ಳು ಹಂಚಿ ಒಳ್ಳೆಯ ಮಾತಾಡೋಣ ಎಂದು ಹಿರಿಯರ ಕಾಲು ಮುಟ್ಟುತ್ತೇವೆ. ಜನವರಿ ತಿಂಗಳಲ್ಲೇ ಹುಮನಾಬಾದದ ಶ್ರೀ ವೀರಭದ್ರೇಶ್ವರ ಜಾತ್ರೆಗೆ ಊರೂರಿನ ಮಂದಿ ಸೇರುತ್ತಾರೆ. ಕ್ರಮ ನೋಡಿರಿ: ಮೊದಲು ಭೂಮಿಗೆ ಕೊಟ್ಟೆವು, ಆಮೇಲೆ ಮನುಷ್ಯರಿಗೆ ಎಳ್ಳು ಕೊಟ್ಟೆವು, ಕೊನೆಗೆ ಎಲ್ಲರೂ ಕೂಡಿ ತೇರು ಎಳೆದೆವು. ಕೊಡುವುದು ಕಲಿತವರೇ ಕೂಡಿ ತೇರು ಎಳೆಯಬಲ್ಲರು.

ಭಕ್ತರಲ್ಲಿ ವಿನಂತಿ

1. ಎಳ್ಳಮಾಸಿಗೆ ಹೊಲ ಇದ್ದವರು ಹೊಲ ಇಲ್ಲದ ಒಂದು ಮನೆಯವರನ್ನಾದರೂ ಕರೆದುಕೊಂಡು ಹೋಗಿರಿ. ನಿಮ್ಮ ಹೊಲದಲ್ಲಿ ದುಡಿದವರನ್ನು ಮೊದಲ ಪಂಕ್ತಿಗೆ ಕೂಡಿಸಿರಿ.

2. ಮುತ್ತುಗದ ಎಲೆ, ಬಾಳೆ ಎಲೆ, ಇಲ್ಲವೇ ಮನೆಯ ತಾಟು ಒಯ್ಯಿರಿ. ಪ್ಲಾಸ್ಟಿಕ್ ಒಯ್ದರೆ ಮರಳಿ ತನ್ನಿರಿ. ಈ ಗುಡ್ಡದ ಮೇಲೂ ಇದೇ ನಿಯಮ.

3. ಮನೆಯಲ್ಲಿ ನಡೆಯಲಾರದ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿರಿ. ಆ ಹೊಲ ಹಸನು ಮಾಡಿದವರು ಅವರೇ.

4. ಮಕ್ಕಳ ಕೈಯಿಂದ ಚರಗ ಚೆಲ್ಲಿಸಿರಿ. ಯಾವ ಕಾಳು ಯಾವ ಗಿಡದ್ದು ಎಂದು ತೋರಿಸಿರಿ.

5. ಮಾತು ಬಿಟ್ಟ ಬಂಧುಗಳು ಯಾರಾದರೂ ಇದ್ದರೆ ಅಂದು ನೀವೇ ಮೊದಲು ಬದು ದಾಟಿರಿ. ಅವರು ದಾಟಲಿ ಎಂದು ಕಾಯಬೇಡಿರಿ.

ಇನ್ನು ಇಳಿಯಿರಿ. ಮೆಟ್ಟಿಲು ಇಳಿಯುವಾಗ ಕೈಯಲ್ಲಿರುವ ಪ್ರಸಾದವನ್ನು ಒಬ್ಬರೇ ತಿನ್ನದೆ ಎದುರು ಬಂದವರಿಗೆ ಒಂದು ಚೂರು ಕೊಡಿರಿ. ಅವರ ಹೆಸರು ಕೇಳಬೇಡಿರಿ, ಊರು ಕೇಳಬೇಡಿರಿ. ನಿಮ್ಮ ಎಳ್ಳಮಾಸಿ ಇಲ್ಲಿಂದಲೇ ಆರಂಭವಾಗಲಿ.

ನಿಮ್ಮ ಹೊಲ ಹಸಿರಾಗಿರಲಿ, ಒಲೆ ಆರದಿರಲಿ, ಬಾಗಿಲು ತೆರೆದಿರಲಿ.

|| ಶರಣು ಶರಣಾರ್ಥಿ ||